ಸಂಘದ ಗೋದಾಮಿನ ಅಂಗಳದಲ್ಲೊಂದು ಪ್ಲಗ್ ಇರಲಿ

ಮಗಳನ್ನು ಶ್ರೀನಿವಾಸಪುರದ ಕಡೆಗೆ ಕೊಟ್ಟ ಮೇಲೆ ಕೋಲಾರದ ಸೀಮೆ ನಮಗೆ ಬೀಗರ ಊರಾಯಿತು. ಕಳೆದ ಮಾರ್ಚಿಯಲ್ಲಿ ಕಾಫಿ ಕೊಯ್ಲು ಮುಗಿದು, ಸಂಘದ ಲೆಕ್ಕಪತ್ರಗಳೂ ಒಂದು ಹದಕ್ಕೆ ಬಂದ ಮೇಲೆ ಅಲ್ಲಿಗೆ ಹೊರಟಿದ್ದೆವು. ಅಣ್ಣನ ಮಗ ಅಡ್ಡ ಬಂದು, "ಬಸ್ಸು ಯಾಕೆ ಚಿಕ್ಕಪ್ಪ, ನನ್ನ ಕರೆಂಟ್ ಬೈಕಿನಲ್ಲೇ ಹೋಗೋಣ" ಎಂದ. ಐವತ್ತು ದಾಟಿದ ಸೊಂಟ ಬೇಡವೆಂದರೂ ಕುತೂಹಲ ಕೇಳಲಿಲ್ಲ. ಹಿಂದಿನ ಸೀಟಿನಲ್ಲಿ ಕುಳಿತು ಹೊರಟೆವು.

ಇಂತಹ ಬೈಕುಗಳ ವಿಷಯ ಅರಿಯದ ಸದಸ್ಯರಿಗಾಗಿ ಎರಡು ಮಾತು. ಬೆಂಗಳೂರಿನ ಅಲ್ಟ್ರಾವಯಲೆಟ್ ಕಂಪನಿಯ ಎಫ್ 77 ಬೈಕಿನ ದೊಡ್ಡ ಬ್ಯಾಟರಿಗೆ 10.3 ಯೂನಿಟ್ ಹಿಡಿಯುತ್ತದೆ. ನಮ್ಮ ತೋಟದ ಐದು ಅಶ್ವಶಕ್ತಿಯ ಪಂಪು ಮೂರು ಗಂಟೆ ಓಡಿದರೆ ಇದಕ್ಕಿಂತ ಹೆಚ್ಚೇ ಸುಡುತ್ತದೆ. ಅಷ್ಟು ಕರೆಂಟಿಗೆ 323 ಕಿ.ಮೀ. ಓಡುವುದೆಂಬುದು ಪರೀಕ್ಷೆಯ ಲೆಕ್ಕ. ರಸ್ತೆಯ ಲೆಕ್ಕವೇ ಬೇರೆ. ವೇಗ 50ರಿಂದ 80ಕ್ಕೆ ಏರಿದರೆ ಗಾಳಿಯ ತಡೆ ಎರಡೂವರೆ ಪಟ್ಟಾಗುತ್ತದೆ. ಹೆದ್ದಾರಿ ನುಣುಪಾಗಿದ್ದಷ್ಟೂ ಹುಡುಗರ ಕೈ ಬಿಗಿಯಾಗುತ್ತದೆ, ಬ್ಯಾಟರಿ ಬರಿದಾಗುತ್ತದೆ.

ಬೆಂಗಳೂರಿನವರೆಗೆ ಹೇಳುವಂತಹ ತೊಂದರೆಯೇನೂ ಆಗಲಿಲ್ಲ. ಮರುದಿನ ಮಾಲೂರು, ಕೋಲಾರ, ಶ್ರೀನಿವಾಸಪುರ, ಹಿಂತಿರುಗುವಾಗ ಮುಳಬಾಗಿಲು. ಎಲ್ಲ ಸೇರಿ ಸುಮಾರು 225 ಕಿ.ಮೀ. ಸುತ್ತು. ಕೋಲಾರದ ಬಳಿ ಹೆದ್ದಾರಿಯ ಹೋಟೆಲೊಂದರಲ್ಲಿ ಚಾರ್ಜಿಂಗ್ ಯಂತ್ರ ಕಂಡು ಸಂತೋಷವಾಯಿತು. ಆದರೆ ಅದು ಕಾರಿನದು, ನಮ್ಮ ಬೈಕಿಗೆ ಕೂರಲಿಲ್ಲ. ಹಗುರ ವಾಹನಗಳಿಗೆಂದು ಒಂದು ಬಗೆಯ ಜೋಡಣೆಯನ್ನು ಭಾರತೀಯ ಮಾನಕ ಬ್ಯೂರೋ 2023ರಲ್ಲಿ ಒಪ್ಪಿದೆ. ಆದರೂ ಎಲ್ಲ ಕಂಪನಿಗಳೂ ಅದನ್ನೇ ಹಿಡಿದಿಲ್ಲ. ಹಿಂದೆ ಪಂಪಿನ ಬಿಡಿಭಾಗಗಳಿಗೆ ಊರೂರು ಅಲೆದವರಿಗೆ ಈ ಸಂಕಟ ಹೊಸದಲ್ಲ.

ಮಾವಿನ ತೋಪುಗಳ ನಡುವೆ ಬೀಗರ ಮನೆ ಮುಟ್ಟುವಾಗ ಬ್ಯಾಟರಿಯಲ್ಲಿ ಉಳಿದದ್ದು ನೂರಕ್ಕೆ ಹದಿನಾಲ್ಕು. ಜಗಲಿಯ ಪ್ಲಗ್ಗಿಗೆ ಸಿಕ್ಕಿಸಿ ಮಲಗಿದೆವು, ಬೆಳಗಾಗುವಷ್ಟರಲ್ಲಿ ತುಂಬಿತ್ತು. ಗಂಟೆಗೆ ಒಂದೂವರೆ ಯೂನಿಟ್ ಎಳೆಯುವ ಚಾರ್ಜರಿಗೆ ಹತ್ತು ಯೂನಿಟ್ ತುಂಬಲು ಏಳು ಗಂಟೆ ಸಾಕು. ಲಕ್ಷಗಟ್ಟಲೆ ಬೆಲೆಯ ಯಂತ್ರವೇನೂ ಬೇಕಾಗಲಿಲ್ಲ, ಮಿಕ್ಸರ್ ಹಾಕುವ ಪ್ಲಗ್ಗಿಗಿಂತ ಒಂದು ಸುತ್ತು ದೊಡ್ಡ ಪ್ಲಗ್, ಅಷ್ಟೆ.

ಮುಳಬಾಗಿಲಿನಲ್ಲಿ ದೋಸೆ ತಿನ್ನದೆ ಬರುವುದುಂಟೆ? ಹೋಟೆಲಿನವರು ರುಬ್ಬುವ ಯಂತ್ರದ ಪ್ಲಗ್ಗನ್ನೇ ಬಿಡಿಸಿ ನಮಗೆ ಕೊಟ್ಟರು. ಎಷ್ಟು ಕೊಡಬೇಕೆಂದರೆ, "ಎಷ್ಟು ಕರೆಂಟು ಹೋಯ್ತೋ ಯಾರಿಗೆ ಗೊತ್ತು ಸ್ವಾಮಿ, ಬಿಡಿ" ಎಂದರು. ನಾವು ಬಲವಂತದಿಂದ ಐವತ್ತು ರೂಪಾಯಿ ಇಟ್ಟು ಬಂದೆವು. ಅದು ಹೆಚ್ಚೋ ಕಡಿಮೆಯೋ ಅವರಿಗೂ ತಿಳಿಯದು, ನಮಗೂ ತಿಳಿಯದು. ಒಬ್ಬ ಅತಿಥಿಗೆ ಇದು ಸೌಜನ್ಯ. ದಿನಕ್ಕೆ ಹತ್ತು ಬೈಕು ಬಂದರೆ ಆ ಸೌಜನ್ಯ ಎಷ್ಟು ದಿನ ಬಾಳೀತು? ಕೊರತೆ ಇರುವುದು ಕರೆಂಟಿನದಲ್ಲ, ಅಳೆದು ಕೊಡುವ ಒಂದು ಸಣ್ಣ ಮೀಟರಿನದು.

ದಾರಿಯಲ್ಲಿ ನಮಗೆ ಹಳೆಯ ಸಂಗತಿಯೊಂದು ನೆನಪಾಯಿತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 147 ಕಿ.ಮೀ. ತಂತಿ ಎಳೆದು ವಿದ್ಯುತ್ ತಂದರು. ಬೆಂಗಳೂರಿನ ಬೀದಿಗೇ ದೀಪ ಬಂದದ್ದು 1905ರಲ್ಲಿ. ತಂತಿಯ ಕೆಳಗಿದ್ದ ಹಳ್ಳಿಗಳು ಬುಡ್ಡಿ ದೀಪದಲ್ಲೇ ದಶಕಗಳನ್ನು ಕಳೆದವು. ಫೋನಿನ ನಕ್ಷೆಯಲ್ಲಿ ಚಾರ್ಜಿಂಗ್ ಗುರುತುಗಳು ಹೆದ್ದಾರಿಯುದ್ದಕ್ಕೂ ಸಾಲಾಗಿ ನಿಂತು, ಶ್ರೀನಿವಾಸಪುರದ ದಾರಿ ಹಿಡಿದೊಡನೆ ವಿರಳವಾದದ್ದನ್ನು ಕಂಡಾಗ ಈಗಲೂ ಅದೇ ನಡೆಯುತ್ತಿದೆ ಎನ್ನಿಸಿತು. ಲಾಭ ಕಂಡಲ್ಲಿ ಕಂಪನಿ ಬರುತ್ತದೆ, ಅದು ತಪ್ಪಲ್ಲ. ಕಾಣದಲ್ಲಿ ನಾವೇ ಮಾಡಿಕೊಳ್ಳಬೇಕೆಂದೇ ಅಲ್ಲವೆ ನಮ್ಮ ಹಿರಿಯರು ಸಂಘ ಕಟ್ಟಿದ್ದು?

ಆ ಸೀಮೆಯಲ್ಲಿ ನಾವು ಹಾದುಹೋದ ಊರುಗಳಲ್ಲಿ ಹಾಲಿನ ಸಂಘದ ಕಟ್ಟಡ ಕಾಣದ ಊರು ಅಪರೂಪ. ನಮ್ಮ ಕಡೆ ಕಾಫಿ, ಅಡಿಕೆ, ಪತ್ತಿನ ಸಂಘಗಳಿವೆ. ಕಟ್ಟಡವಿದೆ, ಕರೆಂಟಿದೆ, ಕಾವಲಿನವನಿದ್ದಾನೆ, ಮಳೆಗೆ ಸೂರಿದೆ. ಪ್ರತಿಯೊಂದರ ಅಂಗಳದಲ್ಲೂ ಮೀಟರ್ ಸಹಿತ ಎರಡು ಪ್ಲಗ್ಗುಗಳಿದ್ದರೆ ಮಲೆನಾಡಿನಿಂದ ಮುಳಬಾಗಿಲಿನವರೆಗೆ ಹೆದ್ದಾರಿಯ ಹಂಗಿಲ್ಲದೆ ಹೋಗಿಬರಬಹುದು. ವಾಹನ ಚಾರ್ಜ್ ಮಾಡಿಕೊಡುವುದು ಸೇವೆಯೇ ಹೊರತು ವಿದ್ಯುತ್ ಮಾರಾಟವಲ್ಲ, ಅದಕ್ಕೆ ಪರವಾನಗಿ ಬೇಕಿಲ್ಲ ಎಂದು ಕೇಂದ್ರ ವಿದ್ಯುತ್ ಸಚಿವಾಲಯ 2018ರಲ್ಲೇ ಸ್ಪಷ್ಟಪಡಿಸಿದೆ.

"ಗೊಬ್ಬರ ಮಾರುವ ಸಂಘಕ್ಕೆ ಬೈಕಿನ ಉಸಾಬರಿ ಏಕೆ?" ಎಂದು ನಿರ್ದೇಶಕರೊಬ್ಬರು ಈಗಾಗಲೇ ಕೇಳಿದ್ದಾರೆ. ಆಷಾಢದಲ್ಲಿ ಮೂರು ದಿನ ಕರೆಂಟೇ ಇರದ ನಮ್ಮೂರಿನಲ್ಲಿ ಪ್ಲಗ್ ಇಟ್ಟು ಏನು ಮಾಡುವುದೆಂಬ ಅವರ ಎರಡನೆಯ ಪ್ರಶ್ನೆಗೆ ನಮ್ಮಲ್ಲಿ ಪೂರ್ತಿ ಉತ್ತರವಿಲ್ಲ. ಮೊದಲನೆಯದಕ್ಕೆ ಇದೆ. ಗೊಬ್ಬರಕ್ಕೆ ಬರುವ ಸದಸ್ಯರ ಮಕ್ಕಳೇ ನಾಳೆ ಈ ಬೈಕುಗಳಲ್ಲಿ ಬರುವವರು. ಈಗಾಗಲೇ ಇಬ್ಬರು ಬರುತ್ತಿದ್ದಾರೆ, ಗೋದಾಮಿನ ತಕ್ಕಡಿಯ ಪ್ಲಗ್ಗಿಗೆ ಕಣ್ಣು ಹಾಕಿದ್ದಾರೆ.

ಎರಡು ಪ್ಲಗ್ಗು, ಒಂದು ಉಪಮೀಟರ್, ಒಂದು ಟ್ರಿಪ್ ಸ್ವಿಚ್, ಸರಿಯಾದ ಅರ್ತಿಂಗ್, ಇಷ್ಟಕ್ಕೆ ಸ್ಥಳೀಯ ಎಲೆಕ್ಟ್ರಿಷಿಯನ್ನರಿಂದ ಅಂದಾಜು ಪಟ್ಟಿ ಕೇಳಿದ್ದೇವೆ. ಪಟ್ಟಿ ಬಂದೊಡನೆ ಆಡಳಿತ ಮಂಡಳಿಯ ಮುಂದೆ ಇಡುತ್ತೇವೆ. ಸದಸ್ಯರು ಪರವಾಗಿಯೋ ವಿರೋಧವಾಗಿಯೋ ತಮ್ಮ ಅಭಿಪ್ರಾಯವನ್ನು ಅಷ್ಟರೊಳಗೆ ಕಚೇರಿಗೆ ಬರೆದು ತಿಳಿಸಬೇಕಾಗಿ ವಿನಂತಿ.