ಅಜ್ಞಾತವಾಸದ ಆಟ

ಅಡಗುವುದು ವೀರನಿಗೆ ಒಪ್ಪುವ ಕೆಲಸವಲ್ಲವೆಂದೇ ನಮ್ಮ ಕಾವ್ಯಲೋಕ ಬಹುಮಟ್ಟಿಗೆ ಭಾವಿಸಿದೆ. ರನ್ನನ ದುರ್ಯೋಧನ ವೈಶಂಪಾಯನ ಸರೋವರವನ್ನು ಹೊಕ್ಕದ್ದು ಭೀಷ್ಮನ ಮಾತಿಗೆ ಕಟ್ಟುಬಿದ್ದು. ಆದರೂ ಭೀಮನ ಮೂದಲೆಯ ಮುಂದೆ ಆ ಮರೆ ನಿಲ್ಲಲಿಲ್ಲ, ಆ ಮಾನಿಯ ಮನಸ್ಸೂ ಅದನ್ನು ತಾಳಲಿಲ್ಲ. ವಿರಾಟಪರ್ವದ ಮಾತು ಬೇರೆ. ಅಲ್ಲಿ ಐವರು ಪಾಂಡವರೂ ದ್ರೌಪದಿಯೂ ಆಯುಧಗಳನ್ನು ಬನ್ನಿಯ ಮರದಲ್ಲಿಟ್ಟು, ಒಂದು ವರ್ಷ ತಾವು ತಾವಲ್ಲವೆಂಬಂತೆ ಬಾಳಬೇಕು. ಗುರುತು ಸಿಕ್ಕಿತೋ, ಮತ್ತೆ ಹನ್ನೆರಡು ವರ್ಷ ಕಾಡು. ಕೀಚಕನನ್ನು ಕೊಂದದ್ದು ನ್ಯಾಯವೇ ಆಗಿದ್ದರೂ ಆ ಒಂದು ಹೆಣದ ಸುದ್ದಿ ಹಸ್ತಿನಾವತಿಯನ್ನು ಮುಟ್ಟಿ ಗೋಗ್ರಹಣವನ್ನು ಬಾಗಿಲಿಗೆ ತಂದಿತು. ಈ ಕರಾರುಗಳನ್ನು ಇಂದಿನ ಕಾಲೇಜು ಹುಡುಗನಿಗೆ ವಿವರಿಸಿದರೆ ಅವನು ನಕ್ಕು, ‘ಸಾರ್, ಇದು ಸ್ಟೆಲ್ತ್ ಗೇಮು’ ಎನ್ನುತ್ತಾನೆ. ಎನ್ನುತ್ತಾನೆ ಎಂದೇಕೆ, ಮಾನಸಗಂಗೋತ್ರಿಯ ವಿದ್ಯಾರ್ಥಿಯೊಬ್ಬ ನನ್ನೆದುರಿಗೇ ಹಾಗೆಂದ. ಈ ಬರಹಕ್ಕೆ ಆ ಮಾತೇ ನೆಪ.

ಕಾವಲುಗಾರರ ಕಣ್ಣು ತಪ್ಪಿಸಿ, ಸಾಧ್ಯವಾದಷ್ಟೂ ಕೈಮಾಡದೆ, ಸದ್ದಿಲ್ಲದೆ ಗುರಿಯನ್ನು ಮುಟ್ಟಬೇಕಾದ ವೀಡಿಯೊ ಆಟಗಳಿಗೆ ಆ ಹೆಸರು. ಅವುಗಳಲ್ಲಿ ದೀರ್ಘಕಾಲ ನಡೆದುಬಂದ ಮಾಲಿಕೆಯೊಂದಿದೆ, ಜಪಾನಿನ ಕೊನಾಮಿ ಸಂಸ್ಥೆಯ ‘ಮೆಟಲ್ ಗೇರ್’. ಇದರ ಕರ್ತೃ ಹಿದೆಯೊ ಕೊಜಿಮಾ ಅವರು. ಮೊದಲನೆಯ ಆಟ 1987ರಲ್ಲಿ ಎಂಎಸ್‌ಎಕ್ಸ್2 ಎಂಬ ಮನೆಬಳಕೆಯ ಕಂಪ್ಯೂಟರಿಗಾಗಿ ಬಂದಿತು. ಸಂಸ್ಥೆ ಅವರಿಗೆ ಒಪ್ಪಿಸಿದ್ದು ಯುದ್ಧದ ಆಟವೊಂದನ್ನು ರಚಿಸುವ ಕೆಲಸ. ಆ ಯಂತ್ರಕ್ಕೋ ಒಂದೇ ತೆರೆಯ ಮೇಲೆ ಹಲವು ಸೈನಿಕರನ್ನೂ ಹಾರುವ ಗುಂಡುಗಳನ್ನೂ ಒಟ್ಟಿಗೆ ತೋರಿಸುವ ತ್ರಾಣವಿರಲಿಲ್ಲ. ಕಾದಲು ಬಾರದಿದ್ದರೆ ಅಡಗಲಿ ಎಂದು ಅವರು ಯೋಚಿಸಿದರು. ಛಂದಸ್ಸಿನ ಕಟ್ಟು ಬಿಗಿಯಾದಾಗ ಕವಿಗೆ ಹೊಸ ಮಾತು ಹೊಳೆಯುವುದುಂಟಲ್ಲವೆ? ಅಂಥದೇ ಪ್ರಸಂಗ ಇದು. ಯಂತ್ರದ ಬಡತನದಿಂದ ಒಂದು ಪ್ರಕಾರವೇ ಬಲಿಯಿತು.

ಆಟದ ವಿಷಯ ಸಾಹಿತ್ಯದ ಪುಟಕ್ಕೇಕೆ ಎಂದು ಹುಬ್ಬೇರಿಸುವ ಹಿರಿಯ ವಾಚಕರಿರಬಹುದು. ಮೈಸೂರಿನವರಿಗೆ ಆ ಸಂಕೋಚ ಬೇಕಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಮಣೆಯಾಟಗಳನ್ನು ಸ್ವತಃ ರಚಿಸಿದವರು. ಶ್ರೀತತ್ತ್ವನಿಧಿಯಲ್ಲಿ ಆಟಗಳಿಗೆಂದೇ ‘ಕೌತುಕನಿಧಿ’ ಎಂಬ ಭಾಗವಿದೆ. ಇನ್ನು ಗೂಢಚರ್ಯೆಯ ಮಾತೆತ್ತಿದರೆ, ಆ ವಿದ್ಯೆಯ ಮೂಲಗ್ರಂಥ ಮತ್ತೆ ಲೋಕದ ಕಣ್ಣಿಗೆ ಬಿದ್ದದ್ದು ಈ ಊರಿನಲ್ಲಿಯೇ. ಇಲ್ಲಿಯ ಪ್ರಾಚ್ಯ ಗ್ರಂಥಾಲಯದ ಓಲೆಗಳಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಆರ್. ಶಾಮಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಅಚ್ಚಿಗೆ ತಂದರು. ತಾಪಸ, ವರ್ತಕ, ಗೃಹಸ್ಥ, ಭಿಕ್ಷುಕಿ ಎಂದು ಹಲವು ವೇಷದ ಗೂಢಪುರುಷರನ್ನು ವರ್ಣಿಸುವ ಕೌಟಿಲ್ಯ, ಮೂವರ ವರದಿ ಒಂದಾದರೆ ಮಾತ್ರ ನಂಬು ಎಂದು ವಿಧಿಸುತ್ತಾನೆ. ಆದರೆ ಆ ಗೂಢಪುರುಷನ ಮನಸ್ಸಿನಲ್ಲಿ ಏನು ನಡೆಯುತ್ತದೆ ಎಂಬುದು ಶಾಸ್ತ್ರಕಾರನ ಚಿಂತೆಯಲ್ಲ. ನಾನು ಹೇಳಹೊರಟ ಆಟಗಳ ಚಿಂತೆ ಅದೇ.

ಪ್ರಕೃತಕ್ಕೆ ಬರೋಣ. ಮಾಲಿಕೆಯಲ್ಲಿ ಯಾವುದು ಶ್ರೇಷ್ಠ ಎಂಬ ಜಗಳ ಪಂಪ ಹೆಚ್ಚೋ ರನ್ನ ಹೆಚ್ಚೋ ಎಂಬ ಜಗಳದಷ್ಟೇ ಬಿರುಸಾಗಿ ನಡೆಯುತ್ತದೆ. ನಲವತ್ತು ದಾಟಿದವರು 1998ರದನ್ನು ಬಿಟ್ಟುಕೊಡರು. ಹುಡುಗರಲ್ಲಿ ಹೆಚ್ಚಿನವರು 2015ರದನ್ನು ಮೆಚ್ಚುತ್ತಾರೆ. ಇದರಲ್ಲಿ ರುಚಿಗಿಂತ ಯಂತ್ರದ ಪಾತ್ರ ದೊಡ್ಡದೆಂದು ನನ್ನ ಊಹೆ. ಒಂದು, ಎರಡು, ಐದನೆಯ ಆಟಗಳು ಸಾಧಾರಣ ಕಂಪ್ಯೂಟರಿಗೂ ಹೊರಬಂದ ಕೆಲವೇ ಕಾಲದಲ್ಲಿ ದೊರೆತವು. 2004ರ ಮೂರನೆಯದು ಮಾತ್ರ ಆಟದ ಪೆಟ್ಟಿಗೆಗಳಲ್ಲಿಯೇ ಉಳಿದು, ಕಂಪ್ಯೂಟರಿಗೆ ಬಂದದ್ದು 2023ರಲ್ಲಿ. ಮನೆಯಲ್ಲಿ ಇದ್ದ ಒಂದು ಕಂಪ್ಯೂಟರಿನಲ್ಲಿಯೇ ಪಾಠವನ್ನೂ ಆಟವನ್ನೂ ನಡೆಸಿಕೊಂಡ ಮಧ್ಯಮವರ್ಗದ ಹುಡುಗರಿಗೆ ಮಾಲಿಕೆಯ ನಡುವಣ ಪರ್ವವೇ ಕಾಣೆಯಾಗಿತ್ತು. ಉದ್ಯೋಗಪರ್ವವನ್ನು ಓದದೆ ಕುರುಕ್ಷೇತ್ರಕ್ಕೆ ಹೋದಂತೆ!

1998ರ ‘ಮೆಟಲ್ ಗೇರ್ ಸಾಲಿಡ್’ ಈಗಲೂ ಮನೋಹರವಾದದ್ದು. ಅಲಾಸ್ಕದ ಹಿಮದ್ವೀಪವೊಂದಕ್ಕೆ ಸ್ನೇಕ್ ಎಂಬ ಗೂಢಚಾರ ಒಬ್ಬನೇ, ಬರಿಗೈಯಲ್ಲಿ ಬರುತ್ತಾನೆ. ಅವನ ಬಳಿ ಇರುವುದು ದುರ್ಬೀನು ಮತ್ತು ಸಿಗರೇಟು. ಬೇಕಾದ ಆಯುಧವನ್ನು ಅಲ್ಲಿಯೇ ಸಂಪಾದಿಸಿಕೊಳ್ಳಬೇಕು. ಮನಸ್ಸನ್ನು ಓದುವೆನೆಂದು ಹೇಳಿಕೊಳ್ಳುವ ಎದುರಾಳಿಯೊಬ್ಬ, ಆಡುವವನು ಹಿಂದೆ ಯಾವ ಯಾವ ಆಟಗಳನ್ನು ಆಡಿದ್ದನೆಂದು ಯಂತ್ರದ ನೆನಪಿನಿಂದ ಹೆಕ್ಕಿ ಹೇಳಿಬಿಡುತ್ತಾನೆ. ಅವನನ್ನು ಗೆಲ್ಲಲು ಕೈಯಲ್ಲಿರುವ ಗುಂಡಿಪೆಟ್ಟಿಗೆಯ ತಂತಿಯನ್ನು ಕಿತ್ತು ಇನ್ನೊಂದು ತೂತಿಗೆ ಸಿಕ್ಕಿಸಬೇಕು. ಸೂತ್ರಧಾರ ರಂಗದಿಂದಿಳಿದು ಪ್ರೇಕ್ಷಕನ ಜೇಬಿಗೆ ಕೈಹಾಕಿದ ಹಾಗೆ. ಆದರೆ ಇದು ಜಾಣತನದ ಸೊಗಸು. ಮಾತುಗಳು ಉದ್ದ, ಸಾಯುವವರೆಲ್ಲ ಸಾಯುವ ಮುನ್ನ ತಮ್ಮ ಬಾಳಿನ ಕಥೆಯನ್ನು ಆಮೂಲಾಗ್ರವಾಗಿ ಹೇಳಿಯೇ ಪ್ರಾಣ ಬಿಡುತ್ತಾರೆ. ನಮ್ಮ ಕಂಪನಿ ನಾಟಕಗಳಲ್ಲಿಯೂ ಹೀಗೆಯೇ ಇದ್ದುದರಿಂದ ನಾನು ಅದನ್ನು ದೋಷವೆನ್ನಲಾರೆ.

2001ರ ಎರಡನೆಯದಕ್ಕೆ ಶತ್ರುಗಳು ಹೆಚ್ಚು. ಮೊದಲ ಭಾಗದಲ್ಲಿ ಸ್ನೇಕನನ್ನು ಕೊಟ್ಟು, ಅನಂತರ ಅವನನ್ನು ಕಸಿದುಕೊಂಡು, ರೈಡೆನ್ ಎಂಬ ಹೊಸಬನನ್ನು ಕೈಗೆ ಒಪ್ಪಿಸಿದರು; ಜಾಹೀರಾತುಗಳಲ್ಲಿ ಈ ಗುಟ್ಟನ್ನು ಬಿಡಲಿಲ್ಲ. ಆಡುವವರು ಕೆರಳಿದರು. ಆದರೆ ಕೊನೆಯಲ್ಲಿ ಯಂತ್ರಬುದ್ಧಿಯೊಂದು ರೈಡೆನ್ನನಿಗೆ ಹೇಳುವ ಮಾತನ್ನು ಇಂದು ಕೇಳಿದರೆ ಮೈ ಜುಮ್ಮೆನ್ನುತ್ತದೆ. ಲೋಕದಲ್ಲಿ ಮಾಹಿತಿ ಕಸದಂತೆ ಗುಡ್ಡೆಬೀಳುತ್ತಿದೆ, ಪ್ರತಿಯೊಬ್ಬನೂ ತನಗೆ ಒಪ್ಪುವ ಸತ್ಯದ ಕೊಳದಲ್ಲಿ ಮುಳುಗಿದ್ದಾನೆ, ಆದ್ದರಿಂದ ಯಾವುದು ಉಳಿಯಬೇಕೆಂದು ನಾವೇ ಆರಿಸುತ್ತೇವೆ ಎಂಬುದು ಅದರ ವಾದದ ತಾತ್ಪರ್ಯ. ಸಾಮಾಜಿಕ ಜಾಲಗಳು ಇನ್ನೂ ಮನೆಮಾತಾಗುವ ಮೊದಲು ಬರೆದ ಮಾತು ಇದು. ವಿಚಾರದ ಮಟ್ಟಿಗೆ ಇದಕ್ಕೆ ಸಾಟಿ ಮಾಲಿಕೆಯಲ್ಲಿಲ್ಲ. ಹೃದಯದ ಮಟ್ಟಿಗೆ ಹೇಳುವುದಾದರೆ, ಅದು ನನ್ನನ್ನು ಯೋಚಿಸುವಂತೆ ಮಾಡಿತೇ ಹೊರತು ನೋಯಿಸಲಿಲ್ಲ.

ನೋಯಿಸಿದ್ದು ಮೂರನೆಯದು. ‘ಸ್ನೇಕ್ ಈಟರ್’ ಎಂದು ಅದರ ಹೆಸರು. ಕಾಲ 1964, ಸ್ಥಳ ಸೋವಿಯತ್ ಒಕ್ಕೂಟದ ಒಂದು ಕಾಡು. ಹಿಂದಿನ ಆಟಗಳಲ್ಲಿ ಗೋಡೆಯ ಮರೆ, ಪೆಟ್ಟಿಗೆಯ ಮರೆ ಇದ್ದವು. ಇಲ್ಲಿ ಹುಲ್ಲು, ಕೆಸರು, ಮರದ ತೊಗಟೆ. ನೆಲದ ಬಣ್ಣಕ್ಕೆ ತಕ್ಕಂತೆ ಉಡುಪನ್ನೂ ಮುಖದ ಬಣ್ಣವನ್ನೂ ಬದಲಿಸಿಕೊಳ್ಳಬೇಕು. ಎಷ್ಟರಮಟ್ಟಿಗೆ ಕಾಣದಾಗಿದ್ದೇವೆಂದು ನೂರಕ್ಕೆ ಇಷ್ಟೆಂದು ಮೂಲೆಯಲ್ಲಿ ಅಂಕಿ ತೋರುತ್ತದೆ. ಹಸಿವಾದರೆ ಹಾವನ್ನೋ ಕಪ್ಪೆಯನ್ನೋ ಹಿಡಿದು ತಿನ್ನಬೇಕು. ಗಾಯವಾದರೆ ತಾನೇ ಹೊಲಿದುಕೊಳ್ಳಬೇಕು. ನಾಗರಹೊಳೆಯ ಅಂಚಿನ ಊರುಗಳನ್ನು ಬಲ್ಲವರಿಗೆ ಕಾಡೆಂದರೆ ಮೊದಲು ಕಿವಿಯ ಅನುಭವವೆಂಬುದು ಗೊತ್ತಿರುತ್ತದೆ. ಅದು ಈ ಆಟದ ಕರ್ತೃವಿಗೂ ಗೊತ್ತಿದೆ.

ಕಥೆಯ ತಿರುಳು ಗುರುವಧೆ. ಸ್ನೇಕನಿಗೆ ವಿದ್ಯೆಯನ್ನೆಲ್ಲ ಕಲಿಸಿದ ಯೋಧೆಯನ್ನು ‘ದಿ ಬಾಸ್’ ಎಂದು ಕರೆಯುತ್ತಾರೆ. ಆಕೆ ಶತ್ರುಪಕ್ಷವನ್ನು ಸೇರಿದ್ದಾಳೆ. ಆಕೆಯನ್ನು ಕೊಂದು ಬಾ ಎಂದು ಶಿಷ್ಯನಿಗೆ ರಾಜಾಜ್ಞೆ. ತನ್ನನ್ನು ಕೊಲ್ಲಲೆಂದೇ ಹುಟ್ಟಿದವನೆಂದು ತಿಳಿದೂ ದ್ರೋಣ ಧೃಷ್ಟದ್ಯುಮ್ನನಿಗೆ ಬಿಲ್ಲುವಿದ್ಯೆಯನ್ನು ಕಲಿಸಿದನಷ್ಟೆ? ಈ ಯೋಧೆಯೂ ಅಂಥ ಗುರುವೇ. ಆಕೆ ದ್ರೋಹ ಬಗೆದವಳಲ್ಲ, ದೇಶದ ಕೆಲಸಕ್ಕಾಗಿ ದ್ರೋಹಿಯ ವೇಷ ತೊಟ್ಟವಳು, ಕೊನೆಗೆ ಆ ದೇಶದ ಮೇಲಿನ ಕಳಂಕವನ್ನು ಕಳೆಯಲು ಶಿಷ್ಯನ ಕೈಯಿಂದಲೇ ಸಾಯಬೇಕಾದವಳು ಎಂಬುದು ಎಲ್ಲ ಮುಗಿದ ಮೇಲೆ ತಿಳಿಯುತ್ತದೆ.

ಈ ಕೊನೆಗೆ ಮೊದಲು ಒಂದು ಹೊಳೆ ಬರುತ್ತದೆ. ನಾನು ಈ ಮಾಲಿಕೆಯನ್ನು ಕಾವ್ಯದ ಪಕ್ಕದಲ್ಲಿ ಇಡಲು ಧೈರ್ಯ ಮಾಡಿದ್ದು ಈ ಹೊಳೆಯ ಬಲದಿಂದ. ಜಲಪಾತದಿಂದ ಹಾರಿದ ಸ್ನೇಕ್ ಮಬ್ಬುಗತ್ತಲೆಯಲ್ಲಿ ಮೊಣಕಾಲುದ್ದದ ನೀರಿನಲ್ಲಿ ಎದುರುಮುಖವಾಗಿ ನಡೆಯುತ್ತಾನೆ. ‘ದಿ ಸಾರೋ’, ಎಂದರೆ ದುಃಖ, ಎಂಬ ಹೆಸರಿನ ಪ್ರೇತವೊಂದು ಮುಂದೆ ತೇಲುತ್ತಿರುತ್ತದೆ. ಕಾದಾಟವೆಂಬುದಿಲ್ಲ. ಅಷ್ಟು ಹೊತ್ತಿನ ಆಟದಲ್ಲಿ ಆಡುವವನು ಯಾರು ಯಾರನ್ನು ಕೊಂದಿದ್ದನೋ ಅವರೆಲ್ಲ, ಹೇಗೆ ಸತ್ತರೋ ಆ ಗುರುತಿನೊಡನೆ, ಒಬ್ಬೊಬ್ಬರಾಗಿ ಎದುರು ಬರುತ್ತಾರೆ. ಬೇಕೆಂದೇ ಕೊಂದವನಿಗೆ ಈ ಹೊಳೆ ಮುಗಿಯುವುದೇ ಇಲ್ಲ. ಕಾವಲುಗಾರರನ್ನು ತಪ್ಪಿಸಿಕೊಂಡು, ನಿದ್ರೆಯ ಮದ್ದಿನಿಂದ ಮಲಗಿಸಿ ಬಂದವನಿಗೆ ನೀರು ಬಹುಮಟ್ಟಿಗೆ ಬರಿದು. ಗದಾಯುದ್ಧದಲ್ಲಿ ದುರ್ಯೋಧನ ಸಂಜಯನೊಡನೆ ಹೆಣಗಳನ್ನು ದಾಟುತ್ತ, ದ್ರೋಣ, ದುಶ್ಶಾಸನ, ಕರ್ಣರ ಮುಂದೆ ನಿಂತು ನಿಂತು ಅಳುತ್ತ ನಡೆಯುವ ಪ್ರಸಂಗ ಓದುಗರಿಗೆ ನೆನಪಾಗದಿರದು. ರನ್ನ ನಮಗೆ ದುರ್ಯೋಧನನ ಲೆಕ್ಕವನ್ನು ತೋರಿಸಿದ. ನಾವು ಪಕ್ಕದಲ್ಲಿ ನಿಂತು ಮರುಗಿದೆವು. ಈ ಹೊಳೆಯಲ್ಲಿ ಎದುರು ಬರುವುದು ನನ್ನದೇ ಲೆಕ್ಕ. ಇಬ್ಬರು ಆಡಿದರೆ ಎರಡು ಹೊಳೆ. ಕಾವ್ಯಕ್ಕೆ ಇದು ಸಾಧ್ಯವಿಲ್ಲ. ಹಾಗೆಂದು ಕಾವ್ಯ ಕಡಿಮೆಯಾಗುವುದೂ ಇಲ್ಲ.

ಅಂತ್ಯದಲ್ಲಿ ಬಿಳಿಯ ಹೂಗಳ ಬಯಲು. ಗುರು ಸೋತು ಮಲಗಿದ್ದಾಳೆ, ಶಿಷ್ಯನ ಕೈಯಲ್ಲಿ ಬಂದೂಕವಿದೆ. ಚಲನಚಿತ್ರವಾಗಿದ್ದರೆ ಗುಂಡು ತಾನೇ ಹಾರುತ್ತಿತ್ತು. ಇಲ್ಲಿ ದೃಶ್ಯ ನಿಲ್ಲುತ್ತದೆ, ಕಾಯುತ್ತದೆ. ನಾವು ಗುಂಡಿಯನ್ನು ಒತ್ತುವವರೆಗೆ ಏನೂ ಆಗುವುದಿಲ್ಲ. ಒತ್ತಿದ ಮೇಲೆ ಬಿಳಿಯ ಹೂಗಳೆಲ್ಲ ಕೆಂಪಾಗುತ್ತವೆ. ಅನಂತರ ಅಧ್ಯಕ್ಷರಿಂದ ಬಿರುದು, ಪದಕ, ಹಸ್ತಲಾಘವ. ಸ್ನೇಕ್ ಗೂಢಚಾರ ಇಲಾಖೆಯ ಮುಖ್ಯಸ್ಥನ ಕೈಯನ್ನು ಮಾತ್ರ ಹಿಡಿಯದೆ ಹೊರಟುಹೋಗುತ್ತಾನೆ.

2008ರ ನಾಲ್ಕನೆಯದರಲ್ಲಿ ಸ್ನೇಕ್ ಅಕಾಲದಲ್ಲಿ ಮುದುಕನಾಗಿದ್ದಾನೆ. ಕರುಣೆ ಹುಟ್ಟಿಸುವ ಕಲ್ಪನೆ. ಆದರೆ ಅಂತ್ಯದ ದೃಶ್ಯಮಾಲೆ ಒಂದು ಗಂಟೆಗೂ ಮಿಕ್ಕಿ ನಡೆಯುತ್ತದೆ, ಆಡುವವನು ಕೈಕಟ್ಟಿ ಕುಳಿತಿರಬೇಕು. 2010ರ ‘ಪೀಸ್ ವಾಕರ್’ ಸಣ್ಣ ಕೈಯಾಟದ ಯಂತ್ರಕ್ಕೆ ತಕ್ಕಂತೆ ತುಂಡುತುಂಡಾದದ್ದು. ಇವೆರಡರ ಪರವಾಗಿ ವಾದಿಸುವವರನ್ನು ನಾನು ಹೆಚ್ಚಾಗಿ ಕಂಡಿಲ್ಲ.

ನಿಜವಾದ ಪೈಪೋಟಿ 2015ರ ‘ದಿ ಫ್ಯಾಂಟಮ್ ಪೇಯ್ನ್’ನೊಡನೆ. ಅದು 1984ರ ಅಫ್ಘಾನಿಸ್ಥಾನದ ಬೆಟ್ಟಗಳಲ್ಲಿಯೂ ಆಫ್ರಿಕದ ಅಂಗೋಲ–ಜೈರೆ ಗಡಿಯಲ್ಲಿಯೂ ನಡೆಯುತ್ತದೆ. ಯಾವ ದಿಕ್ಕಿನಿಂದ, ಯಾವ ಹೊತ್ತಿನಲ್ಲಿ ಒಳನುಗ್ಗಬೇಕೆಂಬುದು ಪೂರ್ತಿ ನಮ್ಮ ಇಚ್ಛೆ. ಶತ್ರುವೂ ಪಾಠ ಕಲಿಯುತ್ತಾನೆ: ನಾವು ಪದೇ ಪದೇ ತಲೆಗೆ ಗುರಿಯಿಟ್ಟರೆ ಸೈನಿಕರು ಶಿರಸ್ತ್ರಾಣ ಧರಿಸಿ ಬರುತ್ತಾರೆ, ರಾತ್ರಿಯಲ್ಲೇ ಬಂದರೆ ಕತ್ತಲೆಯಲ್ಲಿ ಕಾಣುವ ಕನ್ನಡಕ ತೊಡುತ್ತಾರೆ. ನುಸುಳುವ ಕಲೆಯೊಂದನ್ನೇ ತೂಗುವುದಾದರೆ ಇದರ ಮುಂದೆ ಉಳಿದವೆಲ್ಲ ಬಾಲಲೀಲೆ. ‘ನಿಮ್ಮ ಹೊಳೆಗೆ ನಮ್ಮಲ್ಲೂ ಉತ್ತರವಿದೆ’ ಎಂದು ಆ ವಿದ್ಯಾರ್ಥಿ ಹಠಹಿಡಿದ. ಅವನು ಹೇಳಿದ್ದು ರೋಗ ತಗುಲಿದ ಸ್ವಂತ ಸೈನಿಕರನ್ನು ನಾಯಕನೇ ಕೊಲ್ಲಬೇಕಾಗಿ ಬರುವ ಪ್ರಸಂಗ. ಅವರು ಯಾರೋ ಅಲ್ಲ, ಆಡುವವನು ತಾನೇ ಒಬ್ಬೊಬ್ಬರನ್ನಾಗಿ ಹೊತ್ತುತಂದು ಸಾಕಿದವರು. ಸೆಟೆದು ನಿಂತು ವಂದಿಸುತ್ತ ಸಾಯುತ್ತಾರೆ. ಇದು ಬಲವಾದ ವಾದ. ಆ ಪ್ರಸಂಗವನ್ನು ಮುಗಿಸಿ ನಾನೂ ಯಂತ್ರವನ್ನು ಆರಿಸಿ ಎದ್ದುಹೋದವನೇ.

ಆದರೂ ನನ್ನ ಮತ ಬದಲಾಗಲಿಲ್ಲ. ಐದನೆಯದರಲ್ಲಿ ಆ ದುಃಖ ಸಿಡಿಲಿನಂತೆ ಬಂದು ಹೋಗುತ್ತದೆ. ಮರುದಿನ ಮತ್ತೆ ಅದೇ ಬೆಟ್ಟ, ಅದೇ ಕಾವಲುಠಾಣೆ. ಮೂರನೆಯದರಲ್ಲಿ ಮೊದಲ ಹೆಜ್ಜೆಯಿಂದಲೇ ಎಲ್ಲವೂ ಆ ಹೂವಿನ ಬಯಲಿನ ಕಡೆಗೆ ಇಳಿಜಾರಿನಲ್ಲಿ ಹರಿಯುತ್ತದೆ. ಅಲ್ಲದೆ ಐದನೆಯದು ಅಪೂರ್ಣ ಕೃತಿ. ಅದು ಹೊರಬಂದ ವರ್ಷವೇ ಕೊಜಿಮಾ ಅವರು ಕೊನಾಮಿಯನ್ನು ಬಿಟ್ಟರು. ಕಥೆಯ ಒಂದು ಎಳೆ ಆಟವಾಗದೆ ಅರೆಬರೆ ಚಿತ್ರಗಳ ತುಣುಕಾಗಿ ಉಳಿಯಿತು. ಅಪೂರ್ಣತೆಯೇ ಅದರ ಸೊಬಗು ಎನ್ನುವ ವಿಮರ್ಶಕರೂ ಇದ್ದಾರೆ. ಗಳಗನಾಥರಿಂದ ಹಿಡಿದು ಇಂದಿನವರೆಗೆ ನಮ್ಮ ಕಾದಂಬರಿಕಾರರು ಯಾರೂ ಇಂಥ ರಿಯಾಯಿತಿಯನ್ನು ಕೇಳಿದ್ದನ್ನು ನಾನು ಕಾಣೆ.

ಮೂರನೆಯದನ್ನು 2025ರ ಆಗಸ್ಟಿನಲ್ಲಿ ಹೊಸ ಚಿತ್ರಗಳೊಡನೆ ಮತ್ತೆ ಹೊರತಂದಿದ್ದಾರೆ. ಹುಡುಗರು ಈಗ ಅದನ್ನು ಆಡುತ್ತಿದ್ದಾರೆ. ಅದರಲ್ಲಿ ‘ದಿ ಎಂಡ್’ ಎಂಬ ಮುದಿ ಬೇಟೆಗಾರನೊಬ್ಬನಿದ್ದಾನೆ. ನೂರು ದಾಟಿದ ವಯಸ್ಸು, ಹೆಗಲ ಮೇಲೊಂದು ಗಿಣಿ. ಕಾಡಿನಲ್ಲಿ ಅವನನ್ನು ಹುಡುಕಿ ಸೋಲಿಸುವುದು ಗಂಟೆಗಟ್ಟಲೆಯ ಕೆಲಸ. 2004ರ ಮೂಲ ಆಟದಲ್ಲಿ ಇನ್ನೊಂದು ದಾರಿಯಿತ್ತು: ಕಾದಾಟದ ನಡುವೆ ಆಟವನ್ನು ಉಳಿಸಿಟ್ಟು ಒಂದು ವಾರ ಬಿಟ್ಟುಬಂದರೆ ಮುದುಕ ವಯಸ್ಸಾಗಿ ತಾನೇ ಸತ್ತಿರುತ್ತಾನೆ. ಹಳೆಯ ಪೆಟ್ಟಿಗೆಯಲ್ಲಿ ಆ ಮೂಲವನ್ನು ಆಡುತ್ತಿದ್ದ ವಿದ್ಯಾರ್ಥಿನಿಯೊಬ್ಬಳು, ಪರೀಕ್ಷೆ ಬಂತೆಂದು ಆಟವನ್ನು ಅಲ್ಲಿಗೇ ನಿಲ್ಲಿಸಿದ್ದಳಂತೆ. ಈ ಗುಟ್ಟು ಆಕೆಗೆ ತಿಳಿದಿರಲಿಲ್ಲ. ಪರೀಕ್ಷೆ ಮುಗಿಸಿ ಬಂದು ನೋಡಿದರೆ ಮುದುಕನಿಲ್ಲ. ಗೆದ್ದೆಯಲ್ಲ ಎಂದೆ. ‘ಗೆಲುವೇನು ಬಂತು ಸಾರ್, ಹೇಳದೆ ಹೋಗಿಬಿಟ್ಟರಲ್ಲ’ ಎಂದಳು.