ಡಿಡ್ ಯೂ ಡು ಇಟ್?

ಭಾನುವಾರ ಬೆಳಗ್ಗೆ ಆರೂವರೆ. ಅಪ್ಪನ ಕೈಲಿ ರಾಜ, ನನ್ನ ಕೈಲಿ ಚಿನ್ನಿ. ಕೊರಿಯರ್ ಹುಡುಗ ಬಂದ್ರೆ ಬೀದಿಗೆಲ್ಲ ಕೇಳೋ ಹಾಗೆ ಬೊಗಳೋ ಶೂರರು. ಪಕ್ಕದ ಖಾಲಿ ಸೈಟಿಗೆ ಕಾಲಿಟ್ಟಿದ್ದೇ ತಡ, ತಲೆ ಮೇಲೆ ಕಿರುಚಾಟ: 'ಡಿಡ್ ಯೂ ಡು ಇಟ್? ಡಿಡ್ ಯೂ ಡು ಇಟ್?' ರಜೆ ದಿನವೂ ಮ್ಯಾನೇಜರಾ ಅಂತ ಬೆಚ್ಚಿಬಿದ್ದೆ! ನೋಡಿದ್ರೆ ಟಿಟ್ಟಿಭ ಹಕ್ಕಿ. ನೇರ ರಾಜನ ನೆತ್ತಿಗೇ ಎರಗಿತು. ಅವನು ಬಾಲ ಮುದುರಿ ಅಪ್ಪನ ಪಂಚೆಯೊಳಗೆ.

"ಅಲ್ಲೇ ನಿಂತ್ಕೊಳೋ, ಮೊಟ್ಟೆ ತುಳೀತೀಯ!" ಅಂದ್ರು ಅಪ್ಪ. ನನ್ನ ಚಪ್ಪಲಿಯಿಂದ ಗೇಣು ದೂರದಲ್ಲಿ, ಜಲ್ಲಿಕಲ್ಲಿನ ಮಧ್ಯೆ ನಾಲ್ಕು ಚುಕ್ಕೆ ಮೊಟ್ಟೆ. ಈ ಹಕ್ಕಿ ಬಯಲು ನೆಲದಲ್ಲೇ ಇಡುತ್ತೆ.

ಸೋಮವಾರ ಅಲ್ಲಿಗೆ ಜೆಸಿಬಿ ಬರೋದಿತ್ತು. ಅಪ್ಪ ನಿಂತಲ್ಲಿಂದಲೇ ಸೈಟಿನವರಿಗೆ ಫೋನ್ ಹಚ್ಚಿ ಒಂದು ತಿಂಗಳು ಕೇಳಿದ್ರು. ಹದಿನೈದು ದಿನಕ್ಕೆ ಒಪ್ಪಿದ್ದಾರೆ, ಚೌಕಾಸಿ ನಡೀತಿದೆ. ರಾಜ ಮಾತ್ರ ಆ ರಸ್ತೆಗೇ ಬರಲ್ಲ ಅಂತಾನೆ.