ಅರೆಬೆಂದ ಚಿತ್ರ

ಪುಣೆಯ ಲಾ ಕಾಲೇಜು ರಸ್ತೆಯಲ್ಲಿ ಹಳೆಯ ಪ್ರಭಾತ್ ಸ್ಟುಡಿಯೋದ ಆವರಣವಿದೆ. 1936ರ ‘ಸಂತ ತುಕಾರಾಂ’ ಸಿದ್ಧವಾದದ್ದು ಅಲ್ಲಿಯೇ. ಪ್ರಭಾತ್ ಕಂಪೆನಿ ಬಾಗಿಲು ಮುಚ್ಚಿದ ಕೆಲವು ವರ್ಷಗಳ ಮೇಲೆ, 1960ರಲ್ಲಿ, ಭಾರತ ಸರ್ಕಾರವು ಅದೇ ಸ್ಥಳದಲ್ಲಿ ಚಲನಚಿತ್ರ ಶಿಕ್ಷಣ ಸಂಸ್ಥೆಯೊಂದನ್ನು ಸ್ಥಾಪಿಸಿತು. ಆವರಣದ ಮಾವಿನ ಮರವೊಂದಕ್ಕೆ ವಿದ್ಯಾರ್ಥಿಗಳು ‘ಜ್ಞಾನವೃಕ್ಷ’ವೆಂದು ಹೆಸರಿಟ್ಟರು. ಗಯೆಯ ಅರಳಿಮರದ ಕೆಳಗೆ ಒಬ್ಬಾತನಿಗೆ ಮೌನದಿಂದ ಅರಿವು ಮೂಡಿತು. ಪುಣೆಯ ಮಾವಿನ ಮರದ ಕೆಳಗೆ ಹತ್ತು ಮಂದಿ ಒಟ್ಟಿಗೆ ಮಾತನಾಡಿದರೆ ಮೂಡೀತೆಂಬ ಭರವಸೆ! 1960ರ ದಶಕದ ನಡುವಿನಲ್ಲಿ ಋತ್ವಿಕ್ ಘಟಕರು ಸ್ವಲ್ಪ ಕಾಲ ಅಲ್ಲಿ ಉಪಪ್ರಾಂಶುಪಾಲರಾಗಿದ್ದರು. ಮಣಿ ಕೌಲ್, ಕುಮಾರ್ ಶಹಾನಿ ಮುಂತಾದವರು ಅವರ ಬಳಿ ಕಲಿತವರು.

ಗುರುವಿನಿಂದ ಕಲಿಯುವುದು ಎಲ್ಲ ಶಾಲೆಗಳಲ್ಲಿಯೂ ಉಂಟು. ಚಲನಚಿತ್ರದ ಶಾಲೆಯಲ್ಲಿ ಅದಕ್ಕಿಂತ ಕಠಿಣವಾದ ಇನ್ನೊಂದು ಪಾಠವುಂಟು: ಇನ್ನೂ ಮುಗಿಯದ ಚಿತ್ರವನ್ನು ಸಹಪಾಠಿಗಳ ಮುಂದೆ ಇಡುವುದು.

ಕತೆ ಬರೆದವನು ತನ್ನ ಹಸ್ತಪ್ರತಿಯನ್ನು ಪೆಟ್ಟಿಗೆಯಲ್ಲಿ ಅಡಗಿಸಿಡಬಹುದು. ಚಿತ್ರದ ವಿದ್ಯಾರ್ಥಿಗೆ ಆ ಸೌಕರ್ಯವಿಲ್ಲ. ಡಿಪ್ಲೊಮಾ ಚಿತ್ರವೆಂಬುದು ಒಬ್ಬನ ಆಸ್ತಿಯಲ್ಲ. ನಿರ್ದೇಶನ ಕಲಿಯುವವನು, ಛಾಯಾಗ್ರಹಣ ಕಲಿಯುವವನು, ಸಂಕಲನ ಕಲಿಯುವವನು, ಧ್ವನಿಗ್ರಹಣ ಕಲಿಯುವವನು ಹೀಗೆ ನಾಲ್ವರ ಪರೀಕ್ಷೆಯೂ ಅದೊಂದೇ ಚಿತ್ರದ ಮೇಲೆ ನಿಂತಿರುತ್ತದೆ. ಒಬ್ಬನ ಲೋಪಕ್ಕೆ ಕತ್ತರಿ ಹಾಕಿದರೆ ಮತ್ತೊಬ್ಬನ ಶ್ರಮಕ್ಕೂ ಕತ್ತರಿ ಬೀಳುತ್ತದೆ.

ರೀಲಿನ ಕಾಲದ ಒಂದು ಪ್ರಸಂಗವನ್ನು ವಾಚಕರು ಊಹಿಸಿಕೊಳ್ಳಬಹುದು. 35 ಮಿಲಿಮೀಟರ್ ಫಿಲ್ಮ್ ಸೆಕೆಂಡಿಗೆ ಒಂದೂವರೆ ಅಡಿಯಂತೆ ಓಡುತ್ತದೆ. 1,000 ಅಡಿಯ ಸುರುಳಿ ಹನ್ನೊಂದು ನಿಮಿಷಕ್ಕೆ ಮುಗಿಯುತ್ತದೆ. ವಿದ್ಯಾರ್ಥಿಗೆ ಸಿಗುವ ಕಚ್ಚಾ ಫಿಲ್ಮ್ ಅಳೆದು ಕೊಟ್ಟದ್ದು. ಖಡಕವಾಸ್ಲಾ ಜಲಾಶಯದ ದಂಡೆಯಲ್ಲಿ ಮೂರು ಮುಂಜಾವು ಚಳಿಯಲ್ಲಿ ಕಾದು, ಮಂಜು ಸರಿಯುವ ಗಳಿಗೆಯಲ್ಲಿ ನಾಲ್ವರೂ ಸೇರಿ ನಲವತ್ತು ಸೆಕೆಂಡಿನ ಒಂದು ಶಾಟ್ ತೆಗೆದರೆನ್ನೋಣ. ಅರವತ್ತು ಅಡಿ ಫಿಲ್ಮ್ ಹೋಯಿತು. ಶಾಟ್ ಮಾತ್ರ ಅಪೂರ್ವವಾಗಿ ಬಂತು. ಛಾಯಾಗ್ರಾಹಕನಿಗೆ ಅದು ಮುಂದೆ ಹೊಟ್ಟೆಯ ದಾರಿಯನ್ನು ತೆರೆಯಬಲ್ಲ ಶಾಟ್.

ಕಚ್ಚಾ ಸಂಕಲನದ ದಿನ ಗೆಳೆಯರು ಬಂದು ಕೂರುತ್ತಾರೆ. ತೆರೆಯ ಮೇಲೆ ಮೂಡುವುದು ಚಿತ್ರವೆನ್ನುವುದಕ್ಕಿಂತ ಚಿತ್ರದ ಎಲುಬುಗೂಡು. ಚಿತ್ರ ಒಂದು ಸುರುಳಿಯಲ್ಲಿ, ಧ್ವನಿ ಇನ್ನೊಂದರಲ್ಲಿ, ಸಂಗೀತವಿಲ್ಲ, ಪೆನ್ಸಿಲಿನ ಗೀಟುಗಳು ನಾಯಕಿಯ ಮುಖದ ಮೇಲೆಯೇ ಹಾಯುತ್ತವೆ. ಮಂಜಿನ ಶಾಟ್ ಬರುತ್ತದೆ. ಹಿಂದಿನ ಸಾಲಿನಲ್ಲೊಂದು ಕುರ್ಚಿ ಕಿರುಗುಟ್ಟುತ್ತದೆ. ಯಾರೋ ಕೆಮ್ಮುತ್ತಾರೆ. ದೀಪ ಹತ್ತಿದ ಮೇಲೆ ಒಬ್ಬ ಗೆಳೆಯ, “ಆ ಮಂಜು ಯಾಕಯ್ಯಾ? ತೆಗೆದುಬಿಡು” ಎನ್ನುತ್ತಾನೆ.

ಅರವತ್ತು ಅಡಿ, ಮೂರು ಮುಂಜಾವು, ಒಬ್ಬ ಸ್ನೇಹಿತನ ಭವಿಷ್ಯ ಇವೆಲ್ಲವೂ ಆ ಮಾತಿನ ಕತ್ತಿಯ ಕೆಳಗೆ ಬಿದ್ದವು! ಹೇಳಿದವನಿಗೆ ಇದಾವುದೂ ತಿಳಿಯದು. ತಿಳಿಯದಿರುವುದೇ ಅವನ ಯೋಗ್ಯತೆ. ಚಿತ್ರ ಮಾಡಿದವನ ಕಣ್ಣಿಗೆ ತೆರೆಯ ಮೇಲೆ ಇರುವುದರೊಡನೆ ಇಲ್ಲದ್ದೂ ಕಾಣುತ್ತಿರುತ್ತದೆ. ಅಂದಿನ ಚಳಿ, ಚಹಾದ ಬಿಸಿ, ಬಂದಿತೋ ಇಲ್ಲವೋ ಎಂಬ ಆತಂಕ ಎಲ್ಲವೂ ಆ ಶಾಟಿನೊಳಗೆ ಸೇರಿಕೊಂಡಿವೆಯೆಂದು ಅವನ ಎಣಿಕೆ. ಪ್ರೇಕ್ಷಕನಿಗೆ ಕಾಣುವುದು ಬರಿಯ ಮಂಜು. ಹೆತ್ತವರಿಗೆ ಹೆಗ್ಗಣ ಮುದ್ದು. ಕವಿಗೆ ತನ್ನ ದೋಷ ತನಗೆ ಕಾಣದೆಂಬುದನ್ನು ಕವಿರಾಜಮಾರ್ಗ ಒಂಬತ್ತನೆಯ ಶತಮಾನದಲ್ಲಿಯೇ ಕಣ್ಣು ಕಾಡಿಗೆಗಳ ಉಪಮೆಯಿಂದ ತಿಳಿಸಿತ್ತು. ನಡುವೆ ಕ್ಯಾಮರಾ ಬಂದುದರಿಂದ ಆ ಕಣ್ಣೇನೂ ಬದಲಾಗಲಿಲ್ಲ.

ಹಾಗೆಂದು ಗೆಳೆಯರ ಮಾತನ್ನೆಲ್ಲ ಪಾಲಿಸುವವನ ಪಾಡು ಇನ್ನೂ ಕಷ್ಟ. ಒಬ್ಬ ಆರಂಭ ನಿಧಾನವೆನ್ನುತ್ತಾನೆ. ಇನ್ನೊಬ್ಬ ಅಂತ್ಯ ಅವಸರವೆನ್ನುತ್ತಾನೆ. ಮೂರನೆಯವನು ತಾನು ಮಾಡಬೇಕೆಂದಿರುವ ಚಿತ್ರವನ್ನೇ ಇದರೊಳಗೆ ಹುಡುಕಿ, ಸಿಗಲಿಲ್ಲವೆಂದು ಮುನಿಸಿಕೊಳ್ಳುತ್ತಾನೆ. ಆದರೆ ಸೂಕ್ಷ್ಮವಾಗಿ ಗಮನಿಸಿದರೆ ಒಂದು ಸಂಗತಿ ಹೊಳೆಯುತ್ತದೆ. ನೋಡುಗರು ನೋವಿರುವ ಜಾಗವನ್ನು ಬಹುಮಟ್ಟಿಗೆ ಸರಿಯಾಗಿಯೇ ತೋರಿಸುತ್ತಾರೆ. ಅವರು ಹೇಳುವ ಔಷಧ ಬಹುಮಟ್ಟಿಗೆ ತಪ್ಪು. ಮಂಜಿನ ಶಾಟ್ ಬೇಸರ ತಂದದ್ದು ನಿಜ. ಕಾರಣ ಮಾತ್ರ ಅದರ ಹಿಂದಿನ ದೃಶ್ಯದಲ್ಲಿರಬಹುದು. ನಾಯಕಿ ಮನೆ ಬಿಟ್ಟು ಹೊರಟಳೆಂಬುದೇ ಅಲ್ಲಿ ಸ್ಪಷ್ಟವಾಗದಿದ್ದರೆ, ಮಂಜಿನ ನಡುವೆ ಆಕೆ ನಡೆದುದಕ್ಕೆ ಯಾರ ಎದೆಯೂ ಕರಗದು.

ಅದಕ್ಕೆಂದೇ ಸಂಕಲನದ ಕೋಣೆಯಲ್ಲಿ ಒಂದು ವ್ಯವಸ್ಥೆಯಿತ್ತು. ತೆಗೆದ ತುಂಡುಗಳನ್ನು ಎಸೆಯುತ್ತಿರಲಿಲ್ಲ. ಬಟ್ಟೆ ಹೊದಿಸಿದ ತೊಟ್ಟಿಯ ಮೇಲೆ ಮೊಳೆಗಳ ಸಾಲು. ಅದಕ್ಕೆ ಫಿಲ್ಮಿನ ಪಟ್ಟಿಗಳನ್ನು ಒಗೆದ ಬಟ್ಟೆಯಂತೆ ತೂಗುಹಾಕುತ್ತಿದ್ದರು. ಕತ್ತರಿಸುತ್ತಿದ್ದುದು ಪ್ರತಿಯನ್ನು ಮಾತ್ರ. ಮೂಲ ನೆಗೆಟಿವ್ ಕಡೆಯ ನಿರ್ಧಾರದವರೆಗೂ ಭದ್ರವಾಗಿರುತ್ತಿತ್ತು. ಹಗಲು ತೆಗೆದ ಶಾಟ್ ನಡುರಾತ್ರಿಯಲ್ಲಿ ಮತ್ತೆ ಅಂಟಿಕೊಂಡದ್ದುಂಟು. ಅರ್ಧದಷ್ಟು ಮಾತ್ರ ಅಂಟಿಕೊಂಡದ್ದೂ ಉಂಟು. ಛಾಯಾಗ್ರಾಹಕನನ್ನು ಸಮಾಧಾನಪಡಿಸುವ ಕೆಲಸಕ್ಕೆ ಮಾತ್ರ ಪಠ್ಯಕ್ರಮದಲ್ಲಿ ಯಾವ ಪುಸ್ತಕವೂ ಇರಲಿಲ್ಲ.

ವಿದ್ಯಾರ್ಥಿಗಳ ಚಿತ್ರವೆಂದರೆ ಮಕ್ಕಳಾಟವೆನ್ನುವವರು ಕನ್ನಡದ ನೆರೆಯ ಉದಾಹರಣೆಯನ್ನೇ ನೋಡಬಹುದು. ಗಿರೀಶ ಕಾಸರವಳ್ಳಿಯವರು ಪುಣೆಯ ಆ ಸಂಸ್ಥೆಯಲ್ಲಿ ಕಲಿತವರು. 1975ರ ಅವರ ಡಿಪ್ಲೊಮಾ ಚಿತ್ರ ‘ಅವಶೇಷ್’ ರಾಷ್ಟ್ರಪ್ರಶಸ್ತಿ ಪಡೆಯಿತು. ಎರಡೇ ವರ್ಷದಲ್ಲಿ, 1977ರಲ್ಲಿ, ‘ಘಟಶ್ರಾದ್ಧ’ ಬಂದು ಸ್ವರ್ಣಕಮಲವನ್ನು ಗಳಿಸಿತು.

ಇಂದು ಫಿಲ್ಮಿನ ಅಡಿಗಳನ್ನು ಎಣಿಸುವವರು ವಿರಳ. ಬೆರಳಗಲದ ಕಾರ್ಡಿನಲ್ಲಿ ಗಂಟೆಗಟ್ಟಲೆ ಚಿತ್ರ ಅಡಗುತ್ತದೆ. ಬೆಂಗಳೂರಿನ ಹುಡುಗಿ ತನ್ನ ಅರೆಬೆಂದ ಚಿತ್ರವನ್ನು ಪುಣೆಯ ಗೆಳತಿಗೆ ಕ್ಷಣಮಾತ್ರದಲ್ಲಿ ಕಳುಹಿಸಬಲ್ಲಳು. ಗೆಳತಿ ಅದನ್ನು ಬಸ್ಸಿನಲ್ಲಿ ನಿಂತು ಅಂಗೈಯಗಲದ ಗಾಜಿನಲ್ಲಿ ನೋಡಿ, “ಚೆನ್ನಾಗಿದೆ ಕಣೇ” ಎಂದು ಎರಡು ಪದ ಬರೆದುಬಿಡುತ್ತಾಳೆ. ಕುರ್ಚಿ ಕಿರುಗುಟ್ಟಿದ್ದು, ಕೆಮ್ಮಿದ್ದು ಆ ಉತ್ತರದಲ್ಲಿ ಬರುವುದಿಲ್ಲ. ಇದನ್ನರಿತ ಹುಡುಗರು ಈಗಲೂ ಯಾರದಾದರೂ ಮನೆಯ ಗೋಡೆಗೆ ಬಿಳಿ ಪಂಚೆ ಬಿಗಿದು, ನಾಲ್ಕಾರು ಮಂದಿಯನ್ನು ಕೂರಿಸಿ ಚಿತ್ರ ತೋರಿಸುವುದುಂಟು. ಚಿತ್ರ ಮಾಡಿದವನು ಆಗ ಎಲ್ಲರಿಗಿಂತ ಹಿಂದೆ, ಬಾಗಿಲ ಬಳಿ ಕುಳಿತಿರುತ್ತಾನೆ. ಅವನ ದೃಷ್ಟಿ ಪಂಚೆಯ ಮೇಲೆ ಇರುವುದಿಲ್ಲ, ಮುಂದೆ ಕುಳಿತವರ ಕತ್ತುಗಳ ಮೇಲೆ ಇರುತ್ತದೆ.